ಪಕ್ಕದ ಮನೆಯ ಬ್ಯಾಂಡು, 1991ರ ಬೆಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿ ಊರಿನ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆಯ ಬಿಲ್ಲು ಬಂದರೆ ಸಾಕು, ನನಗೆ ಫೋನ್ ಮೇಲೆ ಫೋನ್. "ಸಾರ್, ಪಕ್ಕದ ಮನೆಯವರದು ಸಿ ಬ್ಯಾಂಡು, ನಮ್ಮದು ಡಿ. ಎರಡೂ ಒಂದೇ ಥರದ ಮನೆ. ಬ್ಯಾಂಡು ಇಳಿಸಿ ಅಂತ ಅರ್ಜಿ ಹಾಕಿಬಿಡಲಾ?" ಬ್ಯಾಂಡು ಅಂದರೆ ಮನೆಯ ಬೆಲೆ ನೋಡಿ ಕೊಡುವ ದರ್ಜೆ, ಅದು ಏರಿದಷ್ಟೂ ತೆರಿಗೆ ಜಾಸ್ತಿ. ಮೂವತ್ತು ವರ್ಷ ಇಂಗ್ಲೆಂಡಿನಲ್ಲಿ ಮನೆಗಳಿಗೆ ಬೆಲೆ ಕಟ್ಟುವ ಕೆಲಸ ಮಾಡಿದವನು ನಾನು. ಇದಕ್ಕೆ ನನ್ನ ಉತ್ತರ ಯಾವತ್ತೂ ಒಂದೇ. ಪಕ್ಕದ ಮನೆಯ ಬ್ಯಾಂಡು ನೋಡಿದರೆ ಸಾಲದು. 1991ರ ಬೆಲೆ ನೋಡಿದಿರಾ?

1991 ಯಾಕೆ ಅಂತ ಕೇಳುತ್ತೀರಿ. ಬೆಂಗಳೂರಿನಲ್ಲಿ ಮನೆ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ಕಟ್ಟುತ್ತೇವೆ, ಅಲ್ವಾ? ಎಷ್ಟು ಚದರಡಿ, ಯಾವ ವಲಯ, ಎಲ್ಲ ನಾವೇ ತುಂಬುತ್ತೇವೆ. ಇಲ್ಲಿ ಹಾಗಲ್ಲ. ಕೌನ್ಸಿಲ್ ಟ್ಯಾಕ್ಸ್ ಶುರುವಾಗಿದ್ದು 1993ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಸರ್ಕಾರ ಒಂದೊಂದು ಮನೆಗೂ ಬೆಲೆ ಅಂದಾಜು ಮಾಡಿಸಿತು. 1991ರ ಏಪ್ರಿಲ್ 1ರಂದು ಈ ಮನೆ ಮಾರಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು? 40 ಸಾವಿರ ಪೌಂಡಿನ ಒಳಗಾದರೆ ಎ. 52ರಿಂದ 68 ಸಾವಿರದವರೆಗೆ ಸಿ. 68ರಿಂದ 88 ಸಾವಿರದವರೆಗೆ ಡಿ. ಹೀಗೆ ಹೆಚ್‌ವರೆಗೆ ಹೋಗುತ್ತದೆ. ಕೆಲಸ ಬೇಗ ಮುಗಿಯಬೇಕಿತ್ತು. ಎಷ್ಟೋ ಬೀದಿಗಳಲ್ಲಿ ಬೆಲೆ ಕಟ್ಟುವವರು ಕಾರಿನಿಂದ ಇಳಿಯಲೇ ಇಲ್ಲ. ಗಾಡಿ ನಿಧಾನಕ್ಕೆ ಓಡುತ್ತಿರುವಾಗಲೇ ಕಿಟಕಿಯಿಂದ ನೋಡಿ ಬ್ಯಾಂಡು ಬರೆದುಕೊಂಡರು. ಅದಕ್ಕೆ 'ಸೆಕೆಂಡ್ ಗೇರ್ ವ್ಯಾಲ್ಯುಯೇಷನ್' ಅನ್ನುವ ಹೆಸರೇ ಬಿತ್ತು. ಇಂಗ್ಲೆಂಡಿನಲ್ಲಿ ಇವತ್ತಿಗೂ ಅದೇ ಲೆಕ್ಕ ನಡೆಯುತ್ತಿದೆ. ವೇಲ್ಸಿನಲ್ಲಿರುವವರಿಗೆ ಮಾತ್ರ 2003ರ ಬೆಲೆ.

ಹಾಗಾಗಿ ತಪ್ಪುಗಳು ಆಗಿವೆ, ನಿಜ. ಆದರೆ ತಪ್ಪಾಗಿರುವುದು ನಿಮ್ಮ ಮನೆಯ ಬ್ಯಾಂಡೋ, ಪಕ್ಕದ ಮನೆಯದೋ? ಇಬ್ಬರಲ್ಲಿ ಒಬ್ಬರದು ತಪ್ಪು ಅಂದಕೂಡಲೇ ನಾವೆಲ್ಲ ನಮ್ಮದೇ ಜಾಸ್ತಿ ಆಗಿದೆ ಅಂದುಕೊಳ್ಳುತ್ತೇವೆ. ಪಕ್ಕದವರದು ಕಡಿಮೆ ಆಗಿರಬಹುದು ಅಂತ ಹೊಳೆಯುವುದೇ ಇಲ್ಲ. ಅದನ್ನು ಹೇಳುವುದು 1991ರ ಬೆಲೆ ಒಂದೇ.

ಒಂದು ಮನೆಯ ಕಥೆ ಹೇಳುತ್ತೇನೆ. ರೆಡಿಂಗ್‌ನಲ್ಲಿ ನನಗೆ ಬೇಕಾದ ಒಂದು ಜೋಡಿ ಇದೆ. ಹುಡುಗ ಹಾಸನದವನು, ಹುಡುಗಿ ಶಿವಮೊಗ್ಗದವಳು. ಸಾಲು ಮನೆಗಳ ಮಧ್ಯೆ ಒಂದು ಮನೆ ಕೊಂಡು ಎರಡು ವರ್ಷ ಆಗಿತ್ತು. ಯುಗಾದಿ ಊಟಕ್ಕೆ ಕರೆದಿದ್ದರು. ಹೋಳಿಗೆ ಇನ್ನೂ ಬಾಯಲ್ಲಿತ್ತು, ಹುಡುಗ ಲ್ಯಾಪ್‌ಟಾಪ್ ತಂದು ಮುಂದಿಟ್ಟ. "ಅಂಕಲ್, ಐದು ಮನೆ ಸಿಕ್ಕಿವೆ. ಎಲ್ಲ ನಮ್ಮ ಮನೆ ಥರಾನೇ, ಎಲ್ಲ ಸಿ ಬ್ಯಾಂಡು. ನಮ್ಮದು ಮಾತ್ರ ಡಿ. ಇವತ್ತೇ ಕಳಿಸಿಬಿಡ್ತೀನಿ." ಅವನ ವಾಟ್ಸಾಪ್ ಗುಂಪಿನಲ್ಲಿ ಯಾರಿಗೋ ಬ್ಯಾಂಡು ಇಳಿದು, ಹಿಂದೆ ಜಾಸ್ತಿ ಕಟ್ಟಿದ ದುಡ್ಡು ವಾಪಸ್ ಬಂದಿತ್ತಂತೆ. ಆ ಐದು ಮನೆಗಳಲ್ಲಿ ಮೊದಲನೆಯದು ಎಡಗಡೆಯ ಮನೆ. ಅಲ್ಲಿರುವುದು ಎಂಬತ್ತು ದಾಟಿದ ಅಜ್ಜಿ, ಒಬ್ಬರೇ. ಇವರು ಆಫೀಸಿಗೆ ಹೋದಾಗ ಬರುವ ಪಾರ್ಸೆಲ್ ಎಲ್ಲ ಅವರೇ ತೆಗೆದಿಡುವುದು. ಸೆಪ್ಟೆಂಬರ್ ಬಂದರೆ ಹಿತ್ತಿಲಿನ ಸೇಬು ಚೀಲದಲ್ಲಿ ತುಂಬಿ ಇವರ ಬಾಗಿಲಿಗೆ ಇಟ್ಟು ಹೋಗುತ್ತಾರೆ.

ನಾನು ಕೇಳಿದೆ, "1991ರ ಬೆಲೆ ನೋಡಿದೆಯಾ?" ಇಲ್ಲ. ಸರಿ, ಕೂತು ನೋಡಿದೆವು. 1995ರಿಂದ ಈಚೆಗೆ ಮಾರಿದ ಮನೆಗಳ ಬೆಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ, ಅಂದರೆ ಸರ್ಕಾರದ ಆಸ್ತಿ ನೋಂದಣಿ ಕಚೇರಿಯಲ್ಲಿ, ಪುಕ್ಕಟೆ ಸಿಗುತ್ತದೆ. ಇವರ ಮನೆ 1996ರಲ್ಲಿ 74 ಸಾವಿರಕ್ಕೆ ಮಾರಾಟ ಆಗಿತ್ತು. ಹುಡುಗನಿಗೆ ಖುಷಿ. "ನೋಡಿ ಅಂಕಲ್, 96ರಲ್ಲೇ 74 ಅಂದ್ರೆ 91ರಲ್ಲಿ 60 ಇರ್ಬೇಕು. ಸಿ ಬ್ಯಾಂಡೇ!" ಇಲ್ಲೇ ಎಲ್ಲರೂ ಎಡವುವುದು. ಆ ವರ್ಷಗಳಲ್ಲಿ ಇಲ್ಲಿ ಮನೆ ಬೆಲೆ ಏರಲಿಲ್ಲ, ಬಿತ್ತು. ಸಾಲ ತೀರಿಸಲಾರದೆ ಮನೆ ಕಳೆದುಕೊಂಡವರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮನೆ ಸಾಲ ಕೊಡುವ ನೇಷನ್‌ವೈಡ್ ಬಿಲ್ಡಿಂಗ್ ಸೊಸೈಟಿಯ ವೆಬ್‌ಸೈಟಿನ ಕ್ಯಾಲ್ಕುಲೇಟರಿನಲ್ಲಿ ಆ 74 ಸಾವಿರ ಹಾಕಿ 1991ಕ್ಕೆ ತಿರುಗಿಸಿದರೆ 80 ಸಾವಿರ ದಾಟಿತು. ಅಂದರೆ ಇವರ ಡಿ ಸರಿಯಾಗೇ ಇದೆ. ತಪ್ಪಿದ್ದರೆ ಅಜ್ಜಿಯ ಸಿ ತಪ್ಪು.

ಆ ಅರ್ಜಿ ಹೋಗಿದ್ದರೆ ಏನಾಗುತ್ತಿತ್ತು ಗೊತ್ತಾ? ಬ್ಯಾಂಡು ತೀರ್ಮಾನ ಮಾಡುವುದು ಕೌನ್ಸಿಲ್ ಅಲ್ಲ, ವ್ಯಾಲ್ಯುಯೇಷನ್ ಆಫೀಸ್. ನೀವು ಸಾಕ್ಷಿ ಅಂತ ಕೊಟ್ಟ ಮನೆಗಳ ಬ್ಯಾಂಡನ್ನೂ ಅವರು ತೆಗೆದು ನೋಡಬಹುದು. ನಿಮ್ಮದು ಇಳಿಯಬಹುದು, ಹಾಗೇ ಉಳಿಯಬಹುದು, ಏರಲೂಬಹುದು. ಪಕ್ಕದವರದೂ ಏರಬಹುದು. ಸಿಯಿಂದ ಡಿಗೆ ಹೋದರೆ ತೆರಿಗೆ ಎಂಟರಲ್ಲಿ ಒಂದು ಪಾಲು ಜಾಸ್ತಿ. ಅದೂ ಒಂದು ವರ್ಷಕ್ಕಲ್ಲ, ಪ್ರತಿ ವರ್ಷ. ಇವರಿಗೆ ಒಂದು ಪೈಸೆ ಉಳಿಯುತ್ತಿರಲಿಲ್ಲ. ಸೇಬು ತಂದಿಡುವ ಅಜ್ಜಿಗೆ ಮಾತ್ರ ಕಾಗದ ಬರುತ್ತಿತ್ತು.

ಹುಡುಗ ಲ್ಯಾಪ್‌ಟಾಪ್ ಮುಚ್ಚಿದ. ಆಗ ನಾನು ಹುಡುಗಿಯನ್ನು ಕೇಳಿದೆ, "ನೀನು ಈಗ ಏನಮ್ಮಾ ಮಾಡ್ತಿದ್ದೀಯ?" ಆರು ತಿಂಗಳಿಂದ ಪೂರ್ತಿ ಸಮಯದ ಎಂ.ಎಸ್ಸಿ. ಓದುತ್ತಿದ್ದಳು! ಕೌನ್ಸಿಲ್ ಟ್ಯಾಕ್ಸ್ ಲೆಕ್ಕದಲ್ಲಿ ಅಂಥ ವಿದ್ಯಾರ್ಥಿಯನ್ನು ಎಣಿಸುವುದಿಲ್ಲ. ಮನೆಯಲ್ಲಿ ಒಬ್ಬನೇ ದೊಡ್ಡವನು ಅಂತಾಯಿತು. ನೂರಕ್ಕೆ 25 ರಿಯಾಯಿತಿ. ಡಿಯಿಂದ ಸಿಗೆ ಇಳಿದಿದ್ದರೂ ಸಿಗುತ್ತಿದ್ದುದು ಒಂಬತ್ತರಲ್ಲಿ ಒಂದು ಪಾಲು ಅಷ್ಟೇ. ಅದರ ಎರಡರಷ್ಟಕ್ಕಿಂತ ಹೆಚ್ಚು ಇವರ ಮನೆಯೊಳಗೇ ಇತ್ತು, ಕೇಳಿದವರೇ ಇಲ್ಲ. ಕಾಲೇಜಿನ ಒಂದು ಪತ್ರ, ಕೌನ್ಸಿಲ್‌ಗೆ ಒಂದು ಫಾರ್ಮು, ಕೆಲಸ ಮುಗಿಯಿತು. ಯಾವ ನೆರೆಯವರಿಗೂ ತೊಂದರೆ ಇಲ್ಲ. ವೀಸಾದ ಮೇಲಿರುವವರು ಹೆದರಬೇಡಿ, ಈ 25ರ ರಿಯಾಯಿತಿ ಪಬ್ಲಿಕ್ ಫಂಡ್ಸ್, ಅಂದರೆ ವೀಸಾದವರು ಸಾಮಾನ್ಯವಾಗಿ ಪಡೆಯಬಾರದ ಸರ್ಕಾರಿ ನೆರವಿನ, ಲೆಕ್ಕಕ್ಕೆ ಬರುವುದಿಲ್ಲ. ಕಡಿಮೆ ಆದಾಯದವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಬೇರೆ, ಅದು ಬರುತ್ತದೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪಕ್ಕದ ಮನೆಗಳ ಬ್ಯಾಂಡೂ ಕಡಿಮೆ, 1991ರ ಬೆಲೆಯೂ ಕೆಳಗಿನ ಬ್ಯಾಂಡಿಗೇ ಬರುತ್ತದೆ ಅಂದರೆ ಧೈರ್ಯವಾಗಿ ಅರ್ಜಿ ಹಾಕಿ. ಆಗ ನೆರೆಯವರ ಬ್ಯಾಂಡು ಸರಿ, ನಿಮ್ಮ ಬ್ಯಾಂಡೇ ತಪ್ಪು. ಇಡೀ ಬೀದಿಯೇ ಜಾಸ್ತಿ ಬ್ಯಾಂಡಿನಲ್ಲಿದ್ದರೆ ನೆರೆಯವರನ್ನೂ ಕರೆದು ಕೂಡಿಸಿ ಮಾತಾಡಿ, ಅವರಿಗೂ ಇಳಿಯಬಹುದು. ಇನ್ನೊಂದು ವಿಷಯ. ನಿಮಗೆ ಮನೆ ಮಾರಿದವರು ಹಿಂದುಗಡೆ ಕೋಣೆ ಕಟ್ಟಿಸಿದ್ದರಾ, ಚಾವಣಿಯ ಕೆಳಗಿನ ಲಾಫ್ಟನ್ನು ಕೋಣೆ ಮಾಡಿಸಿದ್ದರಾ? ಅಂಥ ಮನೆಯ ಬ್ಯಾಂಡು ಏರುವುದು ಸಾಮಾನ್ಯವಾಗಿ ಅದು ಕೈ ಬದಲಾದ ಮೇಲೆ. ಅದನ್ನು ಏನೂ ಕಟ್ಟಿಸದ ಮನೆಯ ಜೊತೆ ಹೋಲಿಸಬೇಡಿ.

ಮನೆಗೆ ಬಂದು ತೆರಿಗೆ ಕಟ್ಟಲು ಶುರು ಮಾಡಿದ ಮೊದಲ ಆರು ತಿಂಗಳಲ್ಲಿ ಬ್ಯಾಂಡು ಪ್ರಶ್ನಿಸುವ ಹಕ್ಕು ನಿಮಗಿದೆ. ಒಪ್ಪಿಗೆ ಆಗದಿದ್ದರೆ ಟ್ರಿಬ್ಯೂನಲ್‌ವರೆಗೂ ಹೋಗಬಹುದು. ಆಮೇಲಾದರೆ ಗಟ್ಟಿ ಸಾಕ್ಷಿ ಇಟ್ಟು ಕೇಳಬೇಕು. 1989ರ ಏಪ್ರಿಲ್‌ನಿಂದ 1993ರ ಮಾರ್ಚ್ ಒಳಗೆ ಮಾರಿದ ಮನೆಯ ಬೆಲೆ ಸಿಕ್ಕರೆ ಒಳ್ಳೆಯ ಸಾಕ್ಷಿ. ಕ್ಯಾಲ್ಕುಲೇಟರಿನ ಲೆಕ್ಕವನ್ನು ಅವರು ಸಾಕ್ಷಿ ಅಂತ ಒಪ್ಪುವುದಿಲ್ಲ. ಅದು ನೀವು ತೀರ್ಮಾನ ಮಾಡಲಿಕ್ಕೆ ಮಾತ್ರ. ಇದೆಲ್ಲಕ್ಕೂ ಫೀಸಿಲ್ಲ. ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಸುಮ್ನೆ ಯಾಕೆ ಕೊಡುತ್ತೀರಿ? ಉತ್ತರ ಬರುವ ತನಕ ಈಗಿನ ಬಿಲ್ಲನ್ನು ಪೂರ್ತಿ ಕಟ್ಟುತ್ತಾ ಇರಿ, ಡೈರೆಕ್ಟ್ ಡೆಬಿಟ್ ನಿಲ್ಲಿಸಬೇಡಿ. ಕಳಿಸುವ ಮುಂಚೆ ಮಾತ್ರ ಆ 1991ರ ಬೆಲೆ ಒಂದು ಸಲ ನೋಡಿ.

ನಮಸ್ಕಾರ.