ನಾವೂ ಅವಳನ್ನ ಕೇಳ್ಲಿಲ್ಲ

ಎಲ್ಲರಿಗೂ ನಮಸ್ಕಾರ. ಸೊಸೈಟಿ ಮೀಟಿಂಗಲ್ಲಿ ಅಡಿಕೆ ರೇಟಿಗೆ ಜಗಳ ಆಡಿ ಅಭ್ಯಾಸ ಇದೆ, ಇಂಥಾ ವಿಷಯಕ್ಕೆ ಮೈಕ್ ಹಿಡಿದಿದ್ದು ಇದೇ ಮೊದಲು, ಮಧ್ಯ ಮಧ್ಯ ನಿಂತ್ರೆ ಬೇಜಾರು ಮಾಡ್ಕೋಬೇಡಿ. ನಾನು ತೀರ್ಥಹಳ್ಳಿ ಕಡೆಯವನು, ಸಣ್ಣ ತೋಟ ಇದೆ.

ನಮ್ಮ ಮನೆ ಹುಡುಗಿ ಮೇಲೆ ಅತ್ಯಾಚಾರ ಆಯ್ತು. ಈ ಪದ ಬಾಯಲ್ಲಿ ಬರೋಕೆ ನಂಗೆ ಎರಡು ವರ್ಷ ಬೇಕಾಯ್ತು, ಮನೇಲಿ ನಾವೆಲ್ಲ "ಆ ವಿಷ್ಯ" ಅಂತಿದ್ವಿ, ಈಗ್ಲೂ ಕೆಲವರು ಹಂಗೇ ಅಂತಾರೆ. ಅವಳು ನಂಗೆ ತಂಗಿ. ಒಡಹುಟ್ಟಿದವಳೋ ದೊಡ್ಡಪ್ಪನ ಮಗಳೋ ಚಿಕ್ಕಮ್ಮನ ಮಗಳೋ ಅಂತ ಲೆಕ್ಕ ಹಾಕ್ತಾ ಕೂರ್ಬೇಡಿ, ನಮ್ಮ ಕಡೆ ಎಲ್ಲರೂ ತಂಗೀನೇ. ಹೆಸರು, ಊರು, ವರ್ಷ ಯಾವ್ದೂ ಹೇಳಲ್ಲ. ಇಂಥಾ ಕೇಸಲ್ಲಿ ಹೆಣ್ಣುಮಗಳ ಗುರುತು ಬಯಲು ಮಾಡೋದು ಅಪರಾಧ, ಮೊದ್ಲು ಐಪಿಸಿ 228ಎ ಇತ್ತು, 2024ರ ಜುಲೈಯಿಂದ ಹೊಸ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ನಾನಿಲ್ಲಿ ಏನು ಹೇಳ್ತೀನಿ ಅಂತ ಬರ್ದು ಅವಳಿಗೆ ತೋರಿಸಿದ್ದೆ, ಎರಡು ಕಡೆ ಗೆರೆ ಎಳೆದು ವಾಪಸ್ ಕೊಟ್ಲು, ಆ ಎರಡು ವಿಷಯ ನೀವು ಕೇಳಿದ್ರೂ ಹೇಳಲ್ಲ.

ಆವತ್ತು ಸಂಜೆ ಅವಳು ಮನೆಗೆ ಬಂದಾಗ ಅಮ್ಮ ನೋಡಿದ ತಕ್ಷಣ ಅರ್ಥ ಮಾಡ್ಕೊಂಡ್ರು. ನಮ್ಮ ಕಡೆ ಬಚ್ಚಲ ಒಲೇಲಿ ಬೆಂಕಿ ಆರೋದೇ ಇಲ್ಲ ನಿಮ್ಗೆ ಗೊತ್ತಲ್ಲ, ಹಂಡೆ ತುಂಬಾ ಬಿಸಿನೀರು, ಅಮ್ಮ ಅವಳ ಕೈ ಹಿಡ್ಕೊಂಡು ಸೀದಾ ಬಚ್ಚಲಿಗೆ ಕರ್ಕೊಂಡು ಹೋಗಿ ಸ್ನಾನ ಮಾಡ್ಸಿದ್ರು, ಬಟ್ಟೇನ ಒಲೆಗೆ ಹಾಕಿದ್ರು. ಮಳೇಲಿ ನೆಂದು ಬಂದ ಮಗಳಿಗೆ ಏನು ಮಾಡ್ತಿದ್ರೋ ಅದನ್ನೇ ಮಾಡಿದ್ರು ಅಷ್ಟೇ. ಆಮೇಲೆ ಆಸ್ಪತ್ರೇಲಿ ಒಬ್ರು "ಬಟ್ಟೆ ಸುಟ್ಬಿಟ್ರಾ, ಸಾಕ್ಷಿ ಹೋಯ್ತಲ್ಲ" ಅಂದ್ರು ನೋಡಿ, ಆ ಮಾತು ಅಮ್ಮನ ಎದೇಲಿ ಹಂಗೇ ಕೂತ್ಕೊಂಡಿದೆ. ಈಗ್ಲೂ ಒಲೆಗೆ ಸೌದೆ ಹಾಕೋವಾಗ ಒಂದೊಂದ್ಸಲ ಸುಮ್ನೆ ನಿಂತು ಬಿಡ್ತಾರೆ. ಅದಕ್ಕೇ ಇಲ್ಲಿರೋ ಅಮ್ಮಂದ್ರಿಗೆ ಹೇಳ್ತೀನಿ, ಬಟ್ಟೆ ತೊಳೀದೆ ಪೇಪರ್ ಕವರಲ್ಲಿ ಇಡಿ, ಪ್ಲಾಸ್ಟಿಕ್ ಬೇಡ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾಗುತ್ತೆ. ಸ್ನಾನ ಮಾಡ್ಸಿಬಿಟ್ಟಿದ್ರೂ ಪರೀಕ್ಷೆ ಮಾಡಿಸ್ಬಹುದು, ಎಲ್ಲಾ ಮುಗೀತು ಅಂತ ಮನೇಲೇ ಕೂರ್ಬೇಡಿ. ಸರ್ಕಾರಿ ಆಸ್ಪತ್ರೆ ಇರ್ಲಿ ಪ್ರೈವೇಟ್ ಇರ್ಲಿ ಮೊದಲ ಚಿಕಿತ್ಸೆ ಫ್ರೀ ಕೊಡ್ಲೇಬೇಕು, ಎಫ್‌ಐಆರ್ ತಂದ್ರೆ ಮಾತ್ರ ಮುಟ್ತೀವಿ ಅನ್ನೋ ಹಾಗಿಲ್ಲ. ಗರ್ಭ ನಿಲ್ಲದ ಹಾಗೆ ಕೊಡೋ ಮಾತ್ರೆ ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು, ಎಚ್‌ಐವಿ ತಡೆಯೋ ಮಾತ್ರೆಯಂತೂ 72 ಗಂಟೆ ಒಳಗೆ ಶುರು ಮಾಡಿ 28 ದಿನ ತಗೋಬೇಕು. ಘಟ್ಟದ ಮೂಲೆ ಮನೆಯಿಂದ ಬಸ್ ಹಿಡಿಯೋದ್ರಲ್ಲೇ ಅರ್ಧ ದಿನ ಹೋಗುತ್ತೆ, ಹಂಗಾಗಿ ಈ 72 ಗಂಟೆ ಅನ್ನೋದು ನಮಗೆ ಪೇಟೆಯವರಿಗಿಂತ ಕಮ್ಮಿ ಅಂತಾನೇ ತಿಳ್ಕೊಳ್ಳಿ.

ಆ ರಾತ್ರಿ ನಾನೇನು ಮಾಡ್ದೆ? ಅಟ್ಟದಿಂದ ಕತ್ತಿ ತಗೊಂಡು ಅಂಗಳಕ್ಕೆ ಇಳಿದೆ. ಅವನು ಯಾರು ಅಂತ ಗೊತ್ತಿತ್ತು, ನಮ್ಮ ಜಗಲೀಲಿ ಕೂತು ಕವಳ ಹಾಕ್ತಿದ್ದೋನು. ಕತ್ತಲಲ್ಲಿ ಯಾರೋ ಬಂದು ಎಳ್ಕೊಂಡು ಹೋಗ್ತಾರೆ ಅಂತ ನಾವು ಹೆಣ್ಮಕ್ಕಳನ್ನ ಹೆದರ್ಸೋದು, ದೇಶದ ಅಪರಾಧಗಳ ಲೆಕ್ಕ ಇಡೋ ಸರ್ಕಾರಿ ಸಂಸ್ಥೆ ಎನ್‌ಸಿಆರ್‌ಬಿಯ ಲೆಕ್ಕ ತೆಗೆದು ನೋಡಿದ್ರೆ ಹೆಚ್ಚುಕಮ್ಮಿ ಪ್ರತಿ ವರ್ಷ 100ಕ್ಕೆ 90ಕ್ಕಿಂತ ಜಾಸ್ತಿ ಕೇಸಲ್ಲಿ ಆರೋಪಿ ಗೊತ್ತಿದ್ದವನೇ. ಸರಿ, ನಾನು ಅಂಗಳದಲ್ಲಿ ಕೂಗಾಡ್ತಿದ್ರೆ ಅವಳು ಒದ್ದೆ ತಲೇಲಿ ಹೊರಗೆ ಬಂದು "ಅಣ್ಣಾ, ನೀನು ಜೈಲಿಗೆ ಹೋದ್ರೆ ಅಮ್ಮನ್ನ ಯಾರು ನೋಡ್ಕೋತಾರೆ, ಒಳಗೆ ಬಾ" ಅಂದ್ಲು. ಅವಳು ನನ್ನ ಸಮಾಧಾನ ಮಾಡಿದ್ಲು! ಆ ವಾರ ಪೂರ್ತಿ ಅದೇ ಕತೆ. ಅಮ್ಮ ಅತ್ರೆ ಅವಳೇ ಬೆನ್ನು ಸವರ್ತಿದ್ಲು, ಅಪ್ಪಯ್ಯ ಊಟ ಬಿಟ್ರೆ ಅವಳೇ ತಟ್ಟೆ ತಂದಿಡ್ತಿದ್ಲು. ಆಗ ನಂಗೆ "ನೋಡು ಎಷ್ಟು ಗಟ್ಟಿ ಹುಡುಗಿ" ಅನ್ಸಿತ್ತು, ಎಂಥಾ ದಡ್ಡ ನಾನು.

ಆಮೇಲೆ ಜಗಲೀಲಿ ಪಂಚಾಯ್ತಿ. ಕಂಪ್ಲೇಂಟ್ ಕೊಡೋಣ ಅಂತ ಮೂರು ಜನ, ಬೇಡ ಅಂತ ನಾಲ್ಕು ಜನ. ಒಬ್ಬ ಅಜ್ಜಿ ಸೀರೆ ಮುಳ್ಳಿನ ಮೇಲೆ ಬಿದ್ರೂ ಮುಳ್ಳು ಸೀರೆ ಮೇಲೆ ಬಿದ್ರೂ ಹರಿಯೋದು ಸೀರೇನೇ ಅಂದ್ರು, ಎಲ್ಲರೂ ತಲೆ ಅಲ್ಲಾಡಿಸಿದ್ವಿ, ಮುಳ್ಳಿನ ಬುಡ ಕಡಿಯೋ ಮಾತು ಮಾತ್ರ ಯಾರೂ ಎತ್ಲಿಲ್ಲ. ಬೇಗ ಒಂದು ಗಂಡು ನೋಡೋಣ ಅಂದ್ರು, ಬೆಂಗಳೂರಿಗೆ ಕಳ್ಸೋಣ ಅಂದ್ರು, ಫೋನ್ ತೆಗ್ದಿಡೋಣ ಅಂದ್ರು. ಅವಳು ಒಳಗೆ ಅಡಿಗೆಮನೆ ಬಾಗಿಲ ಹಿಂದೆ ಕೂತು ಎಲ್ಲಾ ಕೇಳ್ತಿದ್ಲಂತೆ. ಅವಳನ್ನ ಕರೆದು "ನಿಂಗೇನು ಬೇಕು ತಂಗಿ" ಅಂತ ಒಬ್ರೂ ಕೇಳ್ಲಿಲ್ಲ. ಈಗ ಯೋಚನೆ ಮಾಡಿದ್ರೆ ಮೈ ಜುಂ ಅನ್ನುತ್ತೆ, ತೋಟದಲ್ಲಿ ಆ ನಾಯಿ ಅವಳನ್ನ ಕೇಳ್ಲಿಲ್ಲ, ಮನೇಲಿ ನಾವೂ ಕೇಳ್ಲಿಲ್ಲ.

ಕೇಳಿದ್ದು ಒಂದೇ ಪ್ರಶ್ನೆ, ಅದನ್ನ ಕೇಳಿದ್ದು ನಾನೇ. "ಕೂಗ್ಲಿಲ್ಲ ಯಾಕೆ?" ಪಕ್ಕದ ತೋಟದಲ್ಲಿ ಆಳುಗಳಿದ್ರು, ಕಳೆ ಹೊಡೀತಿದ್ರು, ಕೂಗಿದ್ರೆ ಬರ್ತಿರ್ಲಿಲ್ವಾ ಅಂತ. ಅವಳು ನನ್ನ ಮುಖ ನೋಡಿದ್ಲು, ಆಮೇಲೆ ಆರು ತಿಂಗಳು ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ಕೌನ್ಸೆಲರ್ ಮೇಡಂ ಬಿಡಿಸಿ ಹೇಳಿದ್ಮೇಲೆ ತಿಳೀತು, ವಿಪರೀತ ಭಯ ಆದಾಗ ಮೈ ತಾನಾಗೇ ಮರಗಟ್ಟಿ ಹೋಗುತ್ತೆ, ಕೈಕಾಲು ಏಳಲ್ಲ, ಗಂಟಲಿಂದ ಸ್ವರ ಹೊರಡಲ್ಲ, ಅದು ಅವಳು ಬೇಕು ಅಂತ ಮಾಡಿದ್ದಲ್ಲ, ಹಾವು ಕಂಡ ಕಪ್ಪೆ ಕೂತಲ್ಲೇ ಕೂರೋ ಹಾಗೆ. ನೆನಪೂ ಅಷ್ಟೇ, ಚೂರು ಚೂರಾಗಿ ಹಿಂದುಮುಂದಾಗಿ ಬರುತ್ತೆ, ಅದನ್ನ ಹಿಡ್ಕೊಂಡು "ಮೊನ್ನೆ ಹಂಗಂದೆ, ಇವತ್ತು ಹಿಂಗಂತೀಯ" ಅನ್ನೋರು ನಾವು. ನನ್ನಂಥವನ ಮಾತು ಬಿಡಿ, ಸುಪ್ರೀಂ ಕೋರ್ಟೇ 1978ರಲ್ಲಿ ಮಥುರಾ ಅನ್ನೋ ಹುಡುಗಿಯ ಅತ್ಯಾಚಾರದ ಕೇಸಲ್ಲಿ ಮೈಮೇಲೆ ಗಾಯ ಇಲ್ಲ ಅನ್ನೋದನ್ನೂ ಒಂದು ಕಾರಣ ಮಾಡ್ಕೊಂಡು ಇಬ್ಬರು ಪೊಲೀಸರನ್ನ ಬಿಟ್ಟುಬಿಡ್ತು. ಅದರ ಸಿಟ್ಟಿಗೇ ದೇಶದಲ್ಲಿ ಹೆಂಗಸ್ರು ಬೀದಿಗಿಳಿದ್ರು, 1983ರಲ್ಲಿ ಕಾನೂನು ಬದಲಾಯ್ತು. ಎದುರಿಸ್ಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದ್ಲು ಅಂತಲ್ಲ ಅಂತ ಕಾನೂನಲ್ಲಿ ಬಿಡಿಸಿ ಬರೆಯೋಕೆ ದೆಹಲಿಯ ನಿರ್ಭಯಾ ಘಟನೆ ಆಗಿ 2013 ಬರ್ಬೇಕಾಯ್ತು. ನನ್ನ ತಲೆಗೆ ಅದಕ್ಕಿಂತ ಲೇಟಾಗಿ ಹೋಯ್ತು.

ಕಂಪ್ಲೇಂಟ್ ಕೊನೆಗೆ ಅವಳೇ ಕೊಟ್ಲು. ಕೇಸ್ ನಡೀತಿದೆ, ಅದರ ಬಗ್ಗೆ ಇಲ್ಲಿ ಬೇಡ.

ಮನೆಯವರಿಗೆ ಆಗಿದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ. ಅಪ್ಪಯ್ಯನಿಗೆ ಯಕ್ಷಗಾನ ಅಂದ್ರೆ ಪ್ರಾಣ, ಮೇಳ ಬಂದ್ರೆ ಬೆಳಗಿನ ತನಕ ಕೂರ್ತಿದ್ದ ಮನುಷ್ಯ, ಈಗ ಚಂಡೆ ಸದ್ದು ಕೇಳಿದ್ರೂ ಗೇಟ್ ದಾಟಲ್ಲ. ನಂಗೆ ರಾತ್ರಿ ಮೂರು ಗಂಟೆಗೆ ಎಚ್ಚರ ಆಗ್ತಿತ್ತು, ಸಿಟ್ಟೆಲ್ಲ ಹೆಂಡ್ತಿ ಮೇಲೆ ಹೋಗ್ತಿತ್ತು, ಅವಳು ಒಂದು ತಿಂಗಳು ತವರಿಗೆ ಹೋಗಿ ಕೂತಿದ್ಲು. ನಾನು ತಂಗಿ ಜೊತೆ ಕೌನ್ಸೆಲಿಂಗಿಗೆ ಹೋಗಿ ಅಲ್ಲೇ ಅತ್ತುಬಿಟ್ಟಾಗ ಮೇಡಂ ನನ್ನ ಹೊರಗೆ ಕರೆದು, ನಿಮ್ಮ ದುಃಖಕ್ಕೂ ಜಾಗ ಇದೆ ಸಾರ್, ಆದ್ರೆ ಅವಳ ಟೈಮಲ್ಲಿ ಅಲ್ಲ, ಬೇರೆ ದಿನ ಬನ್ನಿ ಅಂದ್ರು. ಮೊದ್ಲು ಅವಮಾನ ಆಯ್ತು, ಆಮೇಲೆ ಹೋದೆ. ಬಸ್ ಹತ್ತಿ ಹೋಗೋಕಾಗದ ದಿನ 14416ಕ್ಕೆ ಫೋನ್ ಮಾಡ್ತಿದ್ದೆ, ಟೆಲಿ ಮಾನಸ್ ಅಂತ, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಹೆಣ್ಮಕ್ಕಳಿಗೆ 181 ಇದೆ, ಸಖಿ ಸೆಂಟರ್ ಇದೆ, ಅಲ್ಲಿ ಕೌನ್ಸೆಲಿಂಗೂ ಸಿಗುತ್ತೆ ಲಾಯರ್ ಸಹಾಯನೂ ಸಿಗುತ್ತೆ. ಹಿಂದಿನ ಸಾಲಲ್ಲಿ ಕೈಕಟ್ಟಿ ನಿಂತಿರೋ ಅಣ್ಣಂದಿರೇ, 14416 ನಿಮಗೇ ಹೇಳಿದ್ದು.

ಇನ್ನೊಂದು ಹೇಳಿ ಮುಗಿಸ್ತೀನಿ. ಆವತ್ತು ಪಕ್ಕದ ತೋಟದಲ್ಲಿ ಓಡ್ತಿದ್ದಿದ್ದು ವೀಡ್ ಕಟರ್. ಆಮೇಲೆ ಆ ಸದ್ದು ಕೇಳಿದ್ರೆ ಅವಳ ಕೈ ತಣ್ಣಗಾಗ್ತಿತ್ತು, ಉಸಿರು ಮೇಲೆ ಕೆಳಗೆ ಆಗ್ತಿತ್ತು. ನಾನೇ ತೀರ್ಮಾನ ಮಾಡಿ ನಮ್ಮ ಮಿಷನ್ ಅಟ್ಟಕ್ಕೆ ಹಾಕ್ದೆ, ಎರಡು ವರ್ಷ ಆಳಿಟ್ಟು ಕತ್ತೀಲೇ ಹುಲ್ಲು ಹೆರೆಸಿದೆ, ಊರವರೆಲ್ಲ ಇವನಿಗೆ ದುಡ್ಡು ಜಾಸ್ತಿ ಆಗಿದೆ ಅಂದ್ರು, ನಂಗೆ ಒಳಗೊಳಗೇ ಹೆಮ್ಮೆ. ಹೋದ ಮಳೆಗಾಲದಲ್ಲಿ ಅವಳು ಅಟ್ಟ ಗುಡಿಸೋವಾಗ ಅದನ್ನ ನೋಡಿ "ಇದನ್ನ ಇಲ್ಲಿ ಯಾಕೆ ಇಟ್ಟೆ" ಅಂದ್ಲು. ನಿನಗೋಸ್ಕರ ಅಂದೆ. "ನನ್ನ ಒಂದು ಮಾತು ಕೇಳಿದ್ಯಾ? ಊರಲ್ಲಿ ಇಪ್ಪತ್ತು ಮಿಷನ್ ಓಡುತ್ತೆ ಅಣ್ಣಾ, ಯಾವಾಗ ಶುರು ಆಗುತ್ತೆ ಅಂತ ಗೊತ್ತಾದ್ರೆ ಸಾಕು ನಂಗೆ."

ಈಗ ಹಿಂದಿನ ದಿನ ರಾತ್ರಿ ಊಟದ ಹೊತ್ತಿಗೆ ಕೇಳ್ತೀನಿ, ನಾಳೆ ಹತ್ತು ಗಂಟೆಗೆ ಮಿಷನ್ ಹಾಕ್ಲಾ ಅಂತ. ಕೆಲವು ದಿನ ಹಾಕು ಅಂತಾಳೆ, ಕೆಲವು ದಿನ ತಡಿ ನಾನು ಪೇಟೆಗೆ ಹೋಗ್ಬೇಕು, ಹನ್ನೊಂದರ ಬಸ್ ಹೋದ್ಮೇಲೆ ಹಾಕು ಅಂತಾಳೆ. ಹೋದ ವಾರ ಬೇಡ ಅಂದ್ಲು, ಯಾಕೆ ಅಂತ ನಾನು ಕೇಳ್ಲಿಲ್ಲ, ಹುಲ್ಲು ಮೊಣಕಾಲುದ್ದ ಬಂದಿದೆ.