ನೆಲ ನಡುಗಿದ್ರೆ ಆಕಾಶಕ್ಕೂ ಗೊತ್ತಾಗುತ್ತೆ

ಎಲ್ಲಾ ಕೇಳುಗರಿಗೂ ನಮಸ್ಕಾರ. ದುರ್ಗ, ದಾವಣಗೆರೆ ಕಡೆ ರೇಡಿಯೋ ಹಾಕ್ಕೊಂಡು ಶೇಂಗಾ ಸುಲಿತಾ ಕೂತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ದೊಡ್ಡ ಭೂಕಂಪ ಆದ್ಮೇಲೆ ಆಕಾಶಾನೂ ಅಲ್ಲಾಡುತ್ತೆ. ಆದ್ಮೇಲೆ. ಮುಂಚೆ ಅಲ್ಲ, ಆಕಾಶ ನೋಡಿ ಭೂಕಂಪ ಮೊದ್ಲೇ ಹೇಳ್ಬಹುದು ಅಂತ ಬರೋ ಮಾತು ನಂಬ್ಬೇಡ್ರಿ.

ಯಾವ ಆಕಾಶ ಅಂದ್ರೆ, ಮೇಲೆ ಸುಮಾರು 80 ಕಿ.ಮೀ. ದಾಟಿದ್ರೆ ಅಯಾನುಗೋಳ ಅಂತ ಶುರುವಾಗುತ್ತೆ, ಸೂರ್ಯನ ಕಿರಣ ಬಡಿದು ಗಾಳಿಯಿಂದ ಎಲೆಕ್ಟ್ರಾನುಗಳು ಕಿತ್ತು ಬಂದಿರೋ ಜಾಗ ಅದು. ಹಿಂದೆ ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ಎಲ್ಲೆಲ್ಲಿಯದೋ ಸ್ಟೇಷನ್ ಸಿಗ್ತಿತ್ತಲ್ಲ, ಆ ಅಲೆ ವಾಪಸ್ ಬೀಳ್ತಿದ್ದುದು ಇಲ್ಲಿಂದ್ಲೇ.

ಜಗಳೂರು ಕಡೆ ಒಂದು ಹಳ್ಳೀಲಿ ಇದನ್ನೇ ಹೇಳ್ತಿದ್ದೆ. ಒಬ್ಬ ಅಜ್ಜ ಬಾರುಕೋಲು ಹಿಡ್ಕೊಂಡೇ ನಿಂತಿದ್ದ, ಏನ್ ಹೇಳಿದ್ರೂ ಒಪ್ಪಲ್ಲ. "ಕಿಲ್ಲಾರಿ ಭೂಕಂಪದಾಗ ನಮ್ಮನಿ ಚೊಂಬು ಅಲ್ಲಾಡಿತ್ತು ಸಾರ್, ಆಕಾಶ ಎಲ್ಲಿ ಅಲ್ಲಾಡ್ತು?" ಅಂದ. ಅಜ್ಜ, 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರೀಲಿ ಆಗಿದ್ದರ ತೀವ್ರತೆ 6.2, ಮೇಲಕ್ಕೆ ಚೆನ್ನಾಗಿ ಕಾಣ್ಬೇಕು ಅಂದ್ರೆ 7ರ ಆಚೆ ಇರ್ಬೇಕು ಅಂದೆ. "ನೂರಾರು ಕಿಲೋಮೀಟ್ರು ಮೇಲಕ್ಕೆ ಹೆಂಗ್ ಹೋಗ್ತದೆ, ನಡುವಲ್ಲೇ ಸಾಯಲ್ವಾ?" ಕೊನೆಗೆ ಅವನ ಬಾರುಕೋಲನ್ನೇ ಇಸ್ಕೊಂಡು ಬೀಸಿದೆ. ಕೈಯಲ್ಲಿ ಅಲ್ಲಾಡಿದ್ದು ಗೇಣಷ್ಟು, ತುದೀಲಿ ಛಟಾರ್! ದಪ್ಪ ಕಡೆಯಿಂದ ಸಣ್ಣ ತುದಿಗೆ ಹೋದಂಗೆ ಏಟಿಗೆ ರಭಸ ಬರುತ್ತೆ, ಗಾಳೀನೂ ಮೇಲ್ ಹೋದಂಗೆ ತೆಳ್ಳಗಾಗುತ್ತಲ್ಲ, ನೆಲ ತಳ್ಳಿದ ಅಲೆ ಅಲ್ಲಿ ದೊಡ್ಡದಾಗುತ್ತೆ. ಅಜ್ಜ ನಕ್ಕು, "ಎತ್ತು ಬೆದರ್ತವೆ ಕೊಡ್ರಿ ಇಲ್ಲಿ" ಅಂತ ಕಿತ್ಕೊಂಡ.

2011ರ ಮಾರ್ಚ್ 11ಕ್ಕೆ ಜಪಾನಲ್ಲಿ 9.0 ಭೂಕಂಪ ಆಯ್ತಲ್ಲ, ಆಗ ಹತ್ತು ನಿಮಿಷದೊಳಗೆ ಮೇಲೆ ಎಲೆಕ್ಟ್ರಾನುಗಳು ಉಂಗುರ ಉಂಗುರವಾಗಿ ಹರಡಿದ್ದನ್ನ ಅಲ್ಲಿನ ಜಿಪಿಎಸ್ ಕೇಂದ್ರಗಳು ಹಿಡಿದ್ವು. ಉಪಗ್ರಹದ ಸಿಗ್ನಲ್‌ಗೆ ದಾರೀಲಿ ಎಲೆಕ್ಟ್ರಾನ್ ಜಾಸ್ತಿ ಸಿಕ್ಕಿದ್ರೆ ತಡ ಆಗುತ್ತೆ, ಎರಡು ಫ್ರೀಕ್ವೆನ್ಸಿಯ ತಡ ಹೋಲಿಸಿದ್ರೆ ಲೆಕ್ಕ ಸಿಕ್ತು.

ಆ ಭೂಕಂಪಕ್ಕೆ ನಲವತ್ತು ನಿಮಿಷ ಮುಂಚೇನೇ ಮೇಲಿನ ಎಲೆಕ್ಟ್ರಾನ್ ಲೆಕ್ಕ ಬದಲಾಗಿತ್ತು ಅಂತ ಜಪಾನಿನ ಹೆಕಿ ಅನ್ನೋ ವಿಜ್ಞಾನಿ ಬರೆದ್ರು, ಲೆಕ್ಕ ಹಾಕಿದ ರೀತಿಯೇ ಸರಿ ಇಲ್ಲ ಅಂತ ಬೇರೆಯವರು ತಿರುಗಿಬಿದ್ರು. ಸೂರ್ಯ ಒಂದ್ಸಲ ಕೆರಳಿದ್ರೂ ಅಯಾನುಗೋಳ ಏರುಪೇರಾಗುತ್ತೆ ಕಣ್ರೀ! ಅದಕ್ಕೇ ವಾಟ್ಸಾಪಲ್ಲಿ "ನಾಳೆ ಭೂಕಂಪ" ಅಂತ ಬಂದ್ರೆ ದಯವಿಟ್ಟು ಡಿಲೀಟ್ ಮಾಡ್ರಿ, ನನಗಂತೂ ಕಳಿಸ್ಬೇಡ್ರಿ. ಆದ್ಮೇಲೆ, ಆದ್ಮೇಲೆ ಅಂತ ಎಷ್ಟ್ ಸಲ ಹೇಳೋದು.

ಟೈಮ್ ಆಯ್ತು ಅಂತ ಸನ್ನೆ ಮಾಡ್ತಿದಾರೆ, ಸುನಾಮಿ ವಿಷ್ಯ ಬೇಗ ಹೇಳ್ತೀನಿ. ಸಮುದ್ರದ ನೀರು ಉಬ್ಬಿದ್ರೂ ಗಾಳಿ ಮೇಲಕ್ಕೆ ತಳ್ಳಿಸ್ಕೊಳ್ಳುತ್ತೆ. 2025ರ ಜುಲೈಯಲ್ಲಿ ರಷ್ಯಾದ ಕಮ್ಚಾಟ್ಕಾದಲ್ಲಿ 8.8 ಆದಾಗ ಇಂಥ ಉಪಗ್ರಹ ಸಿಗ್ನಲ್‌ಗಳನ್ನ ನೋಡ್ತಿರೋ ನಾಸಾದ ಗಾರ್ಡಿಯನ್ ವ್ಯವಸ್ಥೆ ಆ ಗುರುತನ್ನ ಆಕಾಶದಲ್ಲೇ ಹಿಡೀತು, ಅಲೆ ಹವಾಯಿ ದಡ ಮುಟ್ಟೋ ಅರ್ಧ ಗಂಟೆ ಮುಂಚೆ. ಆದ್ಮೇಲೆ ಗೊತ್ತಾದ್ರೂ ದಡದಲ್ಲಿರೋರು ಓಡೋಕೆ ಅಷ್ಟು ಟೈಮ್ ಸಾಕು. ನಮಸ್ಕಾರ.