ಬಲಗಡೆ ಕಳೆದುಹೋದ ಕೊಳಲು

ರಾತ್ರಿ ಹನ್ನೊಂದೂವರೆ. ಅಮ್ಮ ಮಲಗಿದ್ದಾರೆ, ಅದಕ್ಕೇ ಹೆಡ್‌ಫೋನ್ ಹಾಕಿಕೊಂಡಿದ್ದೇನೆ. ಇದು ನನ್ನ 61 ಕೀಗಳ ಕೀಬೋರ್ಡ್. ಇವತ್ತು ಇದರಲ್ಲಿ ಸದ್ದನ್ನು ಎಡ-ಬಲಕ್ಕೆ ಸರಿಸುವುದು, ಅದರ ವಾಲ್ಯೂಮ್, ಅದು ಏರಿ ಇಳಿಯುವ ರೀತಿ, ಇವನ್ನು ಸೆಟ್ ಮಾಡಿ ತೋರಿಸುತ್ತೇನೆ. ಕ್ಯಾಮೆರಾ ಸ್ವಲ್ಪ ಹಿಂದಕ್ಕೆ ತರುತ್ತೇನೆ. ಇಲ್ಲಿ ಎರಡು ಔಟ್‌ಪುಟ್ ಜ್ಯಾಕ್ ಇವೆ, ಒಂದು ಎಲ್ (ಎಡ), ಇನ್ನೊಂದು ಆರ್ (ಬಲ). ಆರ್ ಮೇಲೆ ಕೆಂಪು ಇನ್ಸುಲೇಷನ್ ಟೇಪ್ ಅಂಟಿಸಿದೆ ನೋಡಿ. ಅದರ ಕಥೆ ಮೊದಲು.

ಹೋದ ವರ್ಷ ಗಣೇಶನ ಹಬ್ಬ. ತಿಪಟೂರಿನ ಕಡೆ ಒಂದು ಹಳ್ಳಿಯಲ್ಲಿ ನಮ್ಮ ಆರ್ಕೆಸ್ಟ್ರಾ. ವಾರವಿಡೀ ಇದೇ ರೂಮಿನಲ್ಲಿ ಕೂತು ಟೋನ್, ಅಂದರೆ ಕೀಬೋರ್ಡಿನಲ್ಲಿ ಬರುವ ವಾದ್ಯಗಳ ಸದ್ದು, ಸೆಟ್ ಮಾಡಿದ್ದೆ. ಸ್ಟ್ರಿಂಗ್ಸ್ (ಪಿಟೀಲುಗಳ ಗುಂಪಿನ ಸದ್ದು) ಎಡಕ್ಕೆ, ಕೊಳಲು ಪೂರ್ತಿ ಬಲಕ್ಕೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಪಕ್ಕದಲ್ಲೇ ಯಾರೋ ಕೂತು ಊದಿದ ಹಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸ್ಟೇಜಿನಲ್ಲಿ ಮೊದಲ ಹಾಡೇ ಕೊಳಲಿನಿಂದ ಶುರು. ನುಡಿಸಿದೆ. ಸದ್ದೇ ಇಲ್ಲ. ಬೆರಳು ಓಡುತ್ತಿದೆ, ಸ್ಟೇಜಿನ ಮಾನಿಟರ್ ಸ್ಪೀಕರ್‌ನಲ್ಲಿ ಸ್ಟ್ರಿಂಗ್ಸ್ ಮಾತ್ರ ಕೇಳಿಸುತ್ತಿದೆ. ಹಾಡುವ ಅಕ್ಕ ಮೈಕ್ ಹಿಡಿದು ನನ್ನ ಕಡೆ ತಿರುಗಿದರು. ಸೌಂಡ್ ನೋಡಿಕೊಳ್ಳುವ ಅಣ್ಣ ಕೆಳಗಿಂದಲೇ ಕೂಗಿದರು, "ಏನ್ ತಮ್ಮಾ, ಕೊಳಲು ಮನೇಲೇ ಬಿಟ್ ಬಂದ್ಯಾ?"

ಆಗಿದ್ದು ಇಷ್ಟು. ನಾನು ಎರಡೂ ಜ್ಯಾಕಿಗೆ ಕೇಬಲ್ ಚುಚ್ಚಿದ್ದೆ. ಮಿಕ್ಸರ್‌ನಲ್ಲಿ ಖಾಲಿ ಇದ್ದದ್ದು ಒಂದೇ ಚಾನಲ್. ಅಣ್ಣ ಎಲ್ ಕೇಬಲ್ ಸಿಕ್ಕಿಸಿಕೊಂಡರು. ಆರ್ ಕೇಬಲ್‌ನ ಇನ್ನೊಂದು ತುದಿ ಜಮಖಾನದ ಕೆಳಗೆ ಸುಮ್ನೆ ಬಿದ್ದಿತ್ತು. ನನ್ನ ಕೊಳಲು ಪೂರ್ತಿ ಆ ಕಡೆ ಹರಿದುಹೋಗುತ್ತಿತ್ತು.

ಬಹಳಷ್ಟು ಕೀಬೋರ್ಡ್‌ಗಳಲ್ಲಿ ಎಲ್ ಪಕ್ಕ ಮೋನೋ ಅಂತಲೂ ಬರೆದಿರುತ್ತದೆ. ಅದೊಂದಕ್ಕೇ ಕೇಬಲ್ ಹಾಕಿದರೆ ಎಡ, ಬಲ ಎರಡೂ ಸೇರಿಕೊಂಡು ಅದರಲ್ಲೇ ಬರುತ್ತವೆ. ಆರ್‌ನಲ್ಲೂ ಪಿನ್ ಕೂತಿತೋ, ಎರಡನ್ನೂ ಬೇರೆ ಬೇರೆ ಕಳಿಸುತ್ತದೆ. ಪಿನ್ನಿನ ಆ ತುದಿ ಮಿಕ್ಸರ್‌ನಲ್ಲಿದೆಯೋ ಜಮಖಾನದ ಕೆಳಗಿದೆಯೋ, ಪಾಪ ಅದಕ್ಕೇನು ಗೊತ್ತು? ಎರಡನೇ ಹಾಡಿನ ಹೊತ್ತಿಗೆ ಆರ್ ಪಿನ್ ಕಿತ್ತೆ, ಕೊಳಲು ಬಂತು. ಮನೆಗೆ ಬಂದವನೇ ಟೇಪ್ ಅಂಟಿಸಿದೆ.

ಈಗ ಸ್ಕ್ರೀನ್ ನೋಡಿ. ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವುದೇ ಪ್ಯಾನ್. ಪ್ಯಾನ್ 0 ಅಂದರೆ ಪೂರ್ತಿ ಎಡ, 127 ಪೂರ್ತಿ ಬಲ, 64 ನಡು. ಮಿಡಿ, ಅಂದರೆ ಕೀಬೋರ್ಡು, ಕಂಪ್ಯೂಟರು ಒಂದಕ್ಕೊಂದು ಮಾತಾಡುವ ಭಾಷೆ, ಅದರ ಲೆಕ್ಕದಲ್ಲಿ ಇದು 10ನೇ ಕಂಟ್ರೋಲ್. ಸ್ಟೇಜಿಗೆ ಹೋಗುವಾಗ ಕೊಳಲು, ಪಿಯಾನೋ, ಬೇಸ್ ಎಲ್ಲಾ 64ರಲ್ಲೇ ಇಡುತ್ತೇನೆ. ಸ್ಟ್ರಿಂಗ್ಸ್ ಬೇಕಾದರೆ 50ರವರೆಗೆ ಸರಿಸುತ್ತೇನೆ, ಅಷ್ಟೇ. ಎರಡು ಸ್ಪೀಕರ್ ಬಾಕ್ಸ್‌ಗೂ ಸರಿಯಾಗಿ ಕನೆಕ್ಷನ್ ಇದ್ದರೂ, ಜನ ಯಾವುದೋ ಒಂದು ಬಾಕ್ಸ್ ಹತ್ತಿರವೇ ನಿಂತಿರುತ್ತಾರೆ ಅಲ್ವಾ? ಮನೆಯಲ್ಲಿ ರೆಕಾರ್ಡ್ ಮಾಡುವಾಗ ಮಾತ್ರ ಮನಸ್ಸಿಗೆ ಬಂದ ಹಾಗೆ ಹರಡುತ್ತೇನೆ.

ವಾಲ್ಯೂಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೇಲಿರುವ ದೊಡ್ಡ ನಾಬ್ ಇಡೀ ಕೀಬೋರ್ಡಿಗೆ. ಒಳಗಡೆ ಒಂದೊಂದು ಟೋನಿಗೂ ಬೇರೆ ವಾಲ್ಯೂಮ್ ಇದೆ, ಅದು 7ನೇ ಕಂಟ್ರೋಲ್. ಪಿಯಾನೋ ಜೊತೆ ಸ್ಟ್ರಿಂಗ್ಸ್ ಸೇರಿಸಿದಾಗ ನಾನು ಪಿಯಾನೋ 100, ಸ್ಟ್ರಿಂಗ್ಸ್ 65ರ ಆಸುಪಾಸು ಇಡುತ್ತೇನೆ. ಸ್ಟ್ರಿಂಗ್ಸ್ ಇದೆ ಅಂತ ಗೊತ್ತಾಗಬಾರದು, ತೆಗೆದರೆ ಮಾತ್ರ ಏನೋ ಕಮ್ಮಿ ಅನ್ನಿಸಬೇಕು. ಹಾಡಿನ ಮಧ್ಯೆ ಸದ್ದನ್ನು ಉಬ್ಬಿಸಿ ಇಳಿಸಬೇಕಾದರೆ ದೊಡ್ಡ ನಾಬ್, ಟೋನಿನ ವಾಲ್ಯೂಮ್ ಎರಡನ್ನೂ ಮುಟ್ಟಬೇಡಿ. ಎಕ್ಸ್‌ಪ್ರೆಷನ್ ಪೆಡಲ್ ಇರುವುದೇ ಅದಕ್ಕೆ, ಅದು 11.

ನನಗೆ ನಿಜವಾಗಿ ತಲೆ ತಿಂದದ್ದು ಎನ್ವಲಪ್. ಹೆಸರು ಕೇಳಿದರೆ ಪೋಸ್ಟಾಫೀಸ್ ನೆನಪಾಗುತ್ತದೆ. ಒಂದು ಕೀ ಒತ್ತಿದ ಕ್ಷಣದಿಂದ ಸದ್ದು ಪೂರ್ತಿ ಸಾಯುವವರೆಗೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಅನ್ನುವುದೇ ಎನ್ವಲಪ್. ನಾಲ್ಕು ಭಾಗ: ಅಟ್ಯಾಕ್ ಅಂದರೆ ಸದ್ದು ಏಳುವುದು, ಡಿಕೇ ಅಂದರೆ ಏರಿದ್ದು ಇಳಿಯುವುದು, ಸಸ್ಟೈನ್ ಅಂದರೆ ಕೀ ಒತ್ತಿ ಹಿಡಿದಾಗ ಉಳಿಯುವುದು, ರಿಲೀಸ್ ಅಂದರೆ ಬೆರಳು ತೆಗೆದ ಮೇಲೆ ಸಾಯುವುದು. 1964ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ಮೂಗ್ ಅವರು ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಜೊತೆ ಸೇರಿ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸದ್ದು ಹುಟ್ಟಿಸುವ ವಾದ್ಯ, ಕಟ್ಟುವಾಗ, ಸದ್ದನ್ನು ಹೀಗೆ ಏರಿಸಿ ಇಳಿಸುವ ಪ್ರಯೋಗಕ್ಕೆ ಬಳಸಿದ್ದು ಮನೆಬಾಗಿಲಿನ ಕಾಲಿಂಗ್ ಬೆಲ್ ಬಟನ್ನಂತೆ. ನನಗೆ ಈ ಕಥೆ ಬಹಳ ಇಷ್ಟ.

ಪಕ್ಕದಲ್ಲಿರುವುದು ತಾತನ ಹಾರ್ಮೋನಿಯಂ. ತಿದಿ ಒತ್ತುತ್ತಾ ಒಂದು ಮನೆ, ಅಂದರೆ ಕೀ, ಹಿಡಿಯುತ್ತೇನೆ. ಸದ್ದು ತಕ್ಷಣ ಬಂತು, ಗಾಳಿ ಇರುವವರೆಗೂ ಒಂದೇ ಸಮ ನಿಂತಿತು, ಬೆರಳು ತೆಗೆದ ಕೂಡಲೇ ನಿಂತುಹೋಯಿತು. ಅಂದರೆ ಅಟ್ಯಾಕ್ ಚಿಕ್ಕದು, ಸಸ್ಟೈನ್ ಪೂರ್ತಿ, ರಿಲೀಸ್ ಇಲ್ಲವೇ ಇಲ್ಲ ಅನ್ನಬಹುದು. ವೀಣೆ ಹಾಗಲ್ಲ. ಮೀಟಿದ ಕ್ಷಣವೇ ಜೋರು, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಬೆರಳು ಒತ್ತಿಯೇ ಇದ್ದರೂ ಸದ್ದು ಉಳಿಯುವುದಿಲ್ಲ. ಡಿಕೇ ಉದ್ದ, ಸಸ್ಟೈನ್ ಸೊನ್ನೆ.

ನಾನು ಎಡವಿದ್ದು ಇಲ್ಲೇ. ಸಸ್ಟೈನ್ ಅಂದರೆ ಎಷ್ಟು ಹೊತ್ತು ಅಂತ ತಿಳಿದುಕೊಂಡಿದ್ದೆ. ಅಲ್ಲ. ಉಳಿದ ಮೂರೂ ಹೊತ್ತಿನ ಲೆಕ್ಕ, ಸಸ್ಟೈನ್ ಮಾತ್ರ ಮಟ್ಟದ ಲೆಕ್ಕ. ಕೀ ಒತ್ತಿ ಹಿಡಿದಾಗ ಸದ್ದು ಯಾವ ಎತ್ತರದಲ್ಲಿ ನಿಲ್ಲಬೇಕು ಅನ್ನುವುದು. ಕಾಲಿನ ಸಸ್ಟೈನ್ ಪೆಡಲ್‌ಗೂ ಇದಕ್ಕೂ ಹೆಸರು ಮಾತ್ರ ಒಂದೇ.

ನನ್ನಂಥ ಸಾಧಾರಣ ಕೀಬೋರ್ಡ್‌ನಲ್ಲಿ ನಾಲ್ಕೂ ಸಿಗುವುದಿಲ್ಲ, ಅಟ್ಯಾಕ್ ಮತ್ತು ರಿಲೀಸ್ ಎರಡೇ. ಎರಡೂ 64ರಲ್ಲಿ ಇರುತ್ತವೆ. 64 ಅಂದರೆ ಕಂಪನಿಯವರು ಇಟ್ಟದ್ದು ಹಾಗೇ ಇರಲಿ ಅಂತ. ಈ ಸ್ಟ್ರಿಂಗ್ಸ್ ಕೇಳಿ, 64ರಲ್ಲಿದೆ. ನಿಧಾನದ ಹಾಡಿಗೆ ಚೆಂದ. ಇದರಲ್ಲೇ ಫಾಸ್ಟ್ ಹಾಡು ನುಡಿಸುತ್ತೇನೆ. ಗೊತ್ತಾಯಿತಾ? ಸ್ವರ ಏಳುವಷ್ಟರಲ್ಲಿ ಮುಂದಿನ ಸ್ವರ ಬಂತು. ತಬಲಾದವನು ಎಷ್ಟೋ ಸಲ ನನ್ನ ಮೇಲೆ ರೇಗಿದ್ದಾನೆ, "ಲೇ, ಲೇಟು ನೀನು" ಅಂತ. ಲೇಟು ನಾನಲ್ಲ ಮಾರಾಯ, ಅಟ್ಯಾಕು! ಈಗ 40ಕ್ಕೆ ಇಳಿಸಿದೆ. ಕೇಳಿ, ತಾಳಕ್ಕೆ ಕೂತಿತು.

ರಿಲೀಸ್ ಜಾಸ್ತಿ ಮಾಡಿದರೆ ಇನ್ನೊಂದು ತಾಪತ್ರಯ. 100ಕ್ಕೆ ಏರಿಸುತ್ತೇನೆ. ಒಂದೇ ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರ) ಆದರೆ ದೇವಸ್ಥಾನದ ಗಂಟೆಯ ಹಾಗೆ ಹಿಂದೆ ಗುಂಯ್ ಅಂತ ಉಳಿಯುತ್ತದೆ, ಹಿತವಾಗಿದೆ. ಎರಡನೇ ಕಾರ್ಡ್ ಒತ್ತಿದೆ. ಹಳೆಯದು ಇನ್ನೂ ಹೋಗಿಲ್ಲ, ಎರಡೂ ಕಲಸಿ ಅಂಬಲಿ. ನಾನು ಕಾರ್ಡ್ ಬದಲಾಯಿಸುತ್ತಾ ನುಡಿಸಿಕೊಂಡೇ ರಿಲೀಸ್ ಇಳಿಸುತ್ತೇನೆ. ಅಂಬಲಿ ತಿಳಿಯಾದ ಕಡೆ ನಿಲ್ಲಿಸುತ್ತೇನೆ. ಇವತ್ತು 58ಕ್ಕೆ ನಿಂತಿತು. ನಿಮ್ಮ ಕೀಬೋರ್ಡಿಗೆ ಬೇರೆ ನಂಬರ್ ಬರುತ್ತದೆ, ಇದನ್ನೇ ಬರೆದುಕೊಳ್ಳಬೇಡಿ.

ಸೇವ್ ಮಾಡಿದೆ, ಕೀಬೋರ್ಡಿನ ಮೆಮೊರಿಯ ಮೂರನೇ ಬ್ಯಾಂಕಿನಲ್ಲಿ. ಒಮ್ಮೆ ಸೇವ್ ಮಾಡುವ ಮೊದಲೇ ಕರೆಂಟ್ ಹೋಗಿ ಎರಡು ಗಂಟೆಯ ಕೆಲಸ ಮಣ್ಣುಪಾಲಾಗಿತ್ತು.

ಈಗ ಹೋದ ವರ್ಷದ ಅದೇ ಕೊಳಲು ನುಡಿಸುತ್ತೇನೆ. ಮೊದಲು ಪ್ಯಾನ್ 127, ಆಮೇಲೆ 64. ಇಯರ್‌ಫೋನ್ ಹಾಕಿಕೊಂಡಿದ್ದರೆ ಬಲಗಡೆಯದನ್ನು ಒಂದು ನಿಮಿಷ ತೆಗೆಯಿರಿ. ಅವತ್ತು ಸ್ಟೇಜಿನಲ್ಲಿ ನನಗೆ ಕೇಳಿಸಿದ್ದು ಇದೇ.